ಬುಡ ಒಂದು, ಕಾಂಡ ಐದು: ಕಡಿಯುವ ಮುನ್ನ ನೋಡಬೇಕಾದದ್ದೇನು?

ಪ್ರಶ್ನೆ: ನಮ್ಮ ಜಾಗದ ಅಂಚಿನಲ್ಲಿರುವ ಹಳೆಯ ಮರವೊಂದು ನೆಲಮಟ್ಟದಲ್ಲೇ ಐದು ಕಾಂಡಗಳಾಗಿ ಎದ್ದು ನಿಂತಿದೆ. ಐದು ಮರ ಅಂಟಿಕೊಂಡು ಬೆಳೆದದ್ದು ಎಂದು ಕೆಲವರು, ಒಂದೇ ಮರ ಒಡೆದದ್ದು ಎಂದು ಕೆಲವರು ಹೇಳುತ್ತಾರೆ. ನಿಜ ತಿಳಿಯುವುದು ಹೇಗೆ? ಎರಡು ಕಾಂಡಗಳ ಸಂದಿಯಲ್ಲಿ ಮಳೆನೀರು ನಿಲ್ಲುತ್ತದೆ, ಅದರ ಕೆಳಗೆ ಉದ್ದನೆಯ ಗೆರೆಯೊಂದಿದೆ. ಒಂದು ಕಾಂಡವನ್ನು ಕಡಿಸಿಬಿಡಬೇಕೇ? ಹೊಸ ಸಸಿಯನ್ನು ಬೇಕೆಂದೇ ಹೀಗೆ ಬೆಳೆಸಲು ಬರುತ್ತದೆಯೇ?

ಉತ್ತರ: ಕಡಿಸುವ ಮಾತನ್ನು ಸದ್ಯಕ್ಕೆ ಬದಿಗಿಡಿ. ಐದು ಕಾಂಡ ಇದ್ದ ಮಾತ್ರಕ್ಕೆ ಮರ ಅಪಾಯಕಾರಿ ಆಗುವುದಿಲ್ಲ. ಒಂದೇ ಕಾಂಡ ಇದ್ದ ಮಾತ್ರಕ್ಕೆ ಭದ್ರವೂ ಆಗುವುದಿಲ್ಲ. ಆ ಕಾಂಡಗಳು ಹೇಗೆ ಹುಟ್ಟಿದವು ಎಂಬುದು ಮುಖ್ಯ. ಮರದ ಗಟ್ಟಿತನ, ಅದರ ಮುಂದಿನ ಆಯುಸ್ಸು, ನೀವು ಮಾಡಬೇಕಾದ ಕೆಲಸ ಮೂರೂ ಅದರ ಮೇಲೆಯೇ ನಿಂತಿವೆ. ಹುಟ್ಟಿನ ಗುರುತು ಬಹುಪಾಲು ಬುಡದ ಎರಡು ಮೂರು ಅಡಿಯೊಳಗೇ ಸಿಗುತ್ತದೆ.

ಮೊದಲು, ಮರಕ್ಕೆ ಸಾಮಾನ್ಯವಾಗಿ ಒಂದೇ ಕಾಂಡ ಏಕೆ ಇರುತ್ತದೆ ಎಂಬುದನ್ನು ನೋಡೋಣ. ಸಸಿಯ ನೆತ್ತಿಯ ಕುಡಿಯಲ್ಲಿ ಆಕ್ಸಿನ್ ಎಂಬ ಹಾರ್ಮೋನು ತಯಾರಾಗಿ ಕಾಂಡದುದ್ದಕ್ಕೂ ಕೆಳಗಿಳಿಯುತ್ತದೆ. ಅದು ಇಳಿಯುತ್ತಿರುವಷ್ಟು ದಿನ ಕೆಳಗಿನ ಎಲೆಗಳ ಕಂಕುಳಿನಲ್ಲಿರುವ ಮೊಗ್ಗುಗಳು ಮಲಗಿರುತ್ತವೆ. ಸಸಿ ತಯಾರಿಸುವ ಸಕ್ಕರೆಯ ದೊಡ್ಡ ಪಾಲನ್ನೂ ಕುಡಿಯೇ ತನ್ನತ್ತ ಎಳೆದುಕೊಳ್ಳುತ್ತದೆ. ಕುಡಿಯನ್ನು ದನ ಕಡಿಯಿತು, ಹುಳು ಕೊರೆಯಿತು, ಬೆಂಕಿ ತಾಗಿತು ಅಥವಾ ಚಳಿಗೆ ಕರಟಿತು ಎಂದಿಟ್ಟುಕೊಳ್ಳಿ. ಮೇಲಿನ ತಡೆ ತಪ್ಪಿಹೋಗಿ ಕೆಳಗಿನ ಮೊಗ್ಗುಗಳು ಒಟ್ಟಿಗೆ ಏಳುತ್ತವೆ. ಅವುಗಳಲ್ಲಿ ಒಂದೇ ಮುಂದೆ ಹೋಗಿ ಉಳಿದವನ್ನು ಅದುಮಿಟ್ಟರೆ ಮರ ಮತ್ತೆ ಒಂಟಿಕಾಂಡದ್ದಾಗುತ್ತದೆ. ಎರಡೋ ಮೂರೋ ಸಮಬಲದಲ್ಲಿ ಎದ್ದರೆ ಕವೆ, ಅಂದರೆ ಕಾಂಡ ಕವಲೊಡೆದ ಸಂದು, ಉಳಿದುಬಿಡುತ್ತದೆ.

ಯಾವ ಮರದಲ್ಲಿ ಕವೆ ಹೆಚ್ಚು ಉಳಿಯುತ್ತದೆ ಎಂಬುದನ್ನು ಎಲೆ ಜೋಡಣೆ ನೋಡಿಯೇ ಸ್ವಲ್ಪ ಮಟ್ಟಿಗೆ ಊಹಿಸಬಹುದು. ತೇಗದಂಥ ಮರದಲ್ಲಿ ಒಂದು ಗಿಣ್ಣಿನಲ್ಲಿ ಎರಡು ಎಲೆ ಎದುರುಬದುರಾಗಿರುತ್ತವೆ, ಎರಡರ ಕಂಕುಳಲ್ಲೂ ಒಂದೊಂದು ಮೊಗ್ಗು. ತುದಿ ಹೋದ ಕೂಡಲೇ ಒಂದೇ ಎತ್ತರದಲ್ಲಿರುವ ಆ ಜೋಡಿ ಮೊಗ್ಗುಗಳು ಒಂದೇ ಶಕ್ತಿಯಿಂದ ಏಳುವುದರಿಂದ ಅವಳಿ ಕಾಂಡ ಸುಲಭವಾಗಿ ಆಗುತ್ತದೆ. ಗಿಣ್ಣಿಗೆ ಒಂದೇ ಎಲೆ ಇರುವ ಮರಗಳಲ್ಲಿ ಎಲ್ಲಕ್ಕಿಂತ ಮೇಲಿನ ಮೊಗ್ಗಿಗೆ ಸ್ವಲ್ಪ ಮುಂಚೂಣಿ ಸಿಗುತ್ತದೆ, ಅದೇ ಹೆಚ್ಚಾಗಿ ನಾಯಕನಾಗುತ್ತದೆ.

ಇಲ್ಲಿ ಒಂದು ವಿಷಯ ಮನಸ್ಸಿನಲ್ಲಿರಲಿ. ಮರ ದಪ್ಪವಾಗುತ್ತದೆ, ತುದಿಯಲ್ಲಿ ಉದ್ದವಾಗುತ್ತದೆ. ಒಮ್ಮೆ ಬೆಳೆದ ಕಾಂಡದ ಭಾಗ ಹಿಗ್ಗಿ ಮೇಲೇರುವುದಿಲ್ಲ. ನಾಲ್ಕು ಅಡಿ ಎತ್ತರದಲ್ಲಿ ಕವೆ ಇದ್ದರೆ ಅದು ಹುಟ್ಟಿದ್ದೂ ಹೆಚ್ಚುಕಡಿಮೆ ಅದೇ ಎತ್ತರದಲ್ಲಿ. ಎರಡು ಕಾಂಡಗಳೂ ದಪ್ಪವಾಗುತ್ತ ಸಂದು ತುಂಬಿಕೊಳ್ಳುವುದರಿಂದ ಈಗ ತುಸು ಮೇಲಿದ್ದಂತೆ ಕಾಣಬಹುದು, ಅಷ್ಟೆ. ಆದ್ದರಿಂದ ಕವೆಯ ಎತ್ತರವೇ ಕಾರಣವನ್ನು ಸೂಚಿಸುತ್ತದೆ. ಎರಡು ಮೂರು ಅಡಿಯಲ್ಲಿದ್ದರೆ ಮೇಯುವ ಪ್ರಾಣಿಯ ಬಾಯಿ ತಾಗಿರಬಹುದು. ಇಪ್ಪತ್ತು ಅಡಿಯಲ್ಲಿದ್ದರೆ ಗಾಳಿ, ಸಿಡಿಲು ಅಥವಾ ಕುಡಿಕೊರಕ ಹುಳು. ಪೂರ್ವ ಉತ್ತರ ಅಮೆರಿಕದ ವೈಟ್ ಪೈನ್ ಮರದಲ್ಲಿ ಒಂದು ಸೊಂಡಿಲು ಕೀಟ ನೆತ್ತಿಯ ಕುಡಿಯಲ್ಲೇ ಮೊಟ್ಟೆ ಇಡುತ್ತದೆ; ಮರಿಹುಳುಗಳು ತೊಗಟೆಯೊಳಗೆ ಕೆಳಮುಖವಾಗಿ ತಿಂದು ಕುಡಿಯನ್ನು ಕೊಲ್ಲುತ್ತವೆ. ಕೆಳಗಿನ ಸುತ್ತಿನ ಪಕ್ಕಗೊಂಬೆಗಳು ಒಟ್ಟಿಗೆ ತಲೆಯೆತ್ತಿ ಮರ ಹಲವು ಕೈಗಳ ದೀಪಸ್ತಂಭದ ಆಕಾರ ತಾಳುತ್ತದೆ. ಈ ಆಕಾರದ ಅತಿ ವಿಚಿತ್ರ ಉದಾಹರಣೆ ಒರೆಗಾನ್ ಕರಾವಳಿಯ ಕೇಪ್ ಮಿಯರ್ಸ್‌ನಲ್ಲಿರುವ ‘ಆಕ್ಟೋಪಸ್ ಮರ’. ಸೂಜಿಯೆಲೆಯ ಆ ಸಿಟ್ಕಾ ಸ್ಪ್ರೂಸ್ ಮರಕ್ಕೆ ನಡುಗಾಂಡವೇ ಇಲ್ಲ. ಬುಡದ ಸುತ್ತಳತೆ ಸುಮಾರು 14 ಮೀಟರ್. ಕೊಂಬೆಗಳು ಅಡ್ಡಡ್ಡಲಾಗಿ ಚಾಚಿ, ಆಮೇಲೆ ಮೇಲಕ್ಕೆ ತಿರುಗಿ, ಒಂದೊಂದೂ ಒಂದು ಮರದಂತೆ ನಿಂತಿವೆ. ಗಾಳಿಯ ಕೆಲಸವೋ, ಅಲ್ಲಿನ ಮೂಲನಿವಾಸಿಗಳು ಎಳೆಯದರಲ್ಲೇ ಬಗ್ಗಿಸಿದ್ದೋ ಎಂಬ ಚರ್ಚೆ ಅದರ ಬಗ್ಗೆ ಇದೆ.

ನಿಮ್ಮ ಮರದ ಕವೆ ನೆಲಮಟ್ಟದಲ್ಲೇ ಇರುವುದರಿಂದ ಮೊದಲು ಸಂಶಯ ಪಡಬೇಕಾದದ್ದು ಕೂಳೆ ಚಿಗುರನ್ನು. ಎಂದೋ ಒಂದು ಕಾಲದಲ್ಲಿ ಮೂಲ ಮರವನ್ನು ಕಡಿದಿರಬಹುದು, ಇಲ್ಲವೇ ಬುಡದವರೆಗೆ ಸುಟ್ಟಿರಬಹುದು. ಉಳಿದ ಮೋಟಿನಿಂದ ಹತ್ತಾರು ಚಿಗುರು ಎದ್ದು, ಅವುಗಳಲ್ಲಿ ಐದು ಗೆದ್ದಿರಬಹುದು. ಈ ಚಿಗುರುಗಳು ಎಲ್ಲಿಂದ ಬಂದವು ಎಂಬುದು ಮುಖ್ಯ. ಸಸಿ ಎಳೆಯದಿದ್ದಾಗ ಮೂಡಿದ ಕೆಲವು ಮೊಗ್ಗುಗಳು ಚಿಗುರದೆ ಮಲಗಿ, ಕಾಂಡ ದಪ್ಪವಾದಂತೆಲ್ಲ ತಾವೂ ಹೊರಹೊರಗೆ ಸರಿಯುತ್ತ ತೊಗಟೆಯಡಿಯಲ್ಲೇ ಇರುತ್ತವೆ. ಅವುಗಳ ಎಳೆ ತಿರುಳಿನವರೆಗೂ ಬೇರೂರಿರುತ್ತದೆ, ಹಾಗಾಗಿ ಹಿಡಿತ ಗಟ್ಟಿ. ಕಡಿದ ಗಾಯದ ಅಂಚಿನ ಗಂಟುಕಟ್ಟಿದ ಅಂಗಾಂಶದಲ್ಲಿ ಹೊಸದಾಗಿ ಹುಟ್ಟುವ ಮೊಗ್ಗುಗಳು ಬೇರೆ. ಅವು ತೊಗಟೆಗೆ ಅಂಟಿಸಿದ ಹಾಗಿರುತ್ತವೆ, ಜೋರು ಗಾಳಿಗೆ ಬುಡಸಮೇತ ಕಿತ್ತು ಬರುತ್ತವೆ. ಮಣ್ಣಿನ ಮಟ್ಟದಲ್ಲಿ ಅಥವಾ ಅದಕ್ಕೂ ಕೆಳಗೆ ಹುಟ್ಟಿದ ಚಿಗುರು ಸ್ವಂತ ಬೇರು ಬಿಡುತ್ತದೆ. ಮೋಟು ಕೊಳೆತರೂ ಅದಕ್ಕೆ ಚಿಂತೆಯಿಲ್ಲ. ಎರಡಡಿ ಮೋಟಿನ ತಲೆಯ ಮೇಲೆ ಹುಟ್ಟಿದ್ದು ಮೋಟಿನ ಜೊತೆಗೇ ಕೊಳೆಯುತ್ತದೆ.

ಕೂಳೆ ಮರದ ಗುರುತು ಹೀಗೆ. ಕಾಂಡಗಳು ವೃತ್ತದ ಅಥವಾ ಅರ್ಧವೃತ್ತದ ಅಂಚಿನಲ್ಲಿ ನಿಂತಿರುತ್ತವೆ. ಪ್ರತಿಯೊಂದೂ ಬುಡದಲ್ಲಿ ಹೊರಕ್ಕೆ ಬಾಗಿ ಕುಡುಗೋಲಿನ ಹಾಗೆ ಮೇಲೆದ್ದಿರುತ್ತದೆ. ದಪ್ಪದಲ್ಲಿ ಹೆಚ್ಚು ವ್ಯತ್ಯಾಸ ಇರುವುದಿಲ್ಲ, ಎಲ್ಲದರ ವಯಸ್ಸು ಒಂದೇ ತಾನೆ. ನಡುವೆ ತಗ್ಗು ಇರುತ್ತದೆ. ಅಲ್ಲಿ ಕೈಹಾಕಿ ತರಗೆಲೆ ತೆಗೆದರೆ ಕಂದು ಪುಡಿಯಾದ ಹಳೆಯ ಮರ ಬೆರಳಿಗೆ ಸಿಗುತ್ತದೆ. ಅದು ಸತ್ತ ಮೋಟು. ಕ್ಯಾಲಿಫೋರ್ನಿಯಾ ಕರಾವಳಿಯ ರೆಡ್‌ವುಡ್ ಮರಗಳು ತಾಯಿಮರ ಹೋದ ಮೇಲೆ ಅದರ ಸುತ್ತ ಹೀಗೇ ವೃತ್ತಾಕಾರವಾಗಿ ನಿಲ್ಲುತ್ತವೆ. ಆಸ್ಟ್ರೇಲಿಯಾದ ‘ಮ್ಯಾಲಿ’ ನೀಲಗಿರಿಗಳಲ್ಲಿ ಇದು ಹುಟ್ಟುಗುಣವೇ ಆಗಿದೆ. ಬೀಜದೆಲೆಗಳ ಕಂಕುಳಲ್ಲೇ ಮರಗಡ್ಡೆಯೊಂದು ಶುರುವಾಗಿ ನೆಲದೊಳಗೆ ಉಬ್ಬುತ್ತದೆ. ಅದರ ತುಂಬ ಮೊಗ್ಗು, ಜೊತೆಗೆ ಕೂಡಿಟ್ಟ ಪಿಷ್ಟ. ಕಾಳ್ಗಿಚ್ಚು ಮೇಲಿನದೆಲ್ಲವನ್ನೂ ಸುಟ್ಟ ಮೇಲೆ ಗಡ್ಡೆಯಿಂದ ಹಲವು ಕಾಂಡ ಏಳುತ್ತವೆ.

ಬೇರಿನಿಂದ ಏಳುವ ಮರಿಗಳು ಇನ್ನೊಂದು ಬಗೆ. ಇದರಲ್ಲಿ ಕಾಂಡಗಳು ಒಂದಕ್ಕೊಂದು ತಾಗಿರುವುದಿಲ್ಲ, ಆದರೆ ನೆಲದಡಿ ಒಂದೇ ಬೇರುಜಾಲ. ಅಮೆರಿಕದ ಯೂಟಾ ರಾಜ್ಯದ ಫಿಶ್‌ಲೇಕ್ ರಾಷ್ಟ್ರೀಯ ಅರಣ್ಯದ ‘ಪ್ಯಾಂಡೊ’ ಎಂಬ ಆಸ್ಪೆನ್ ಮರ ಸುಮಾರು 43 ಹೆಕ್ಟೇರ್ ಹಬ್ಬಿದೆ. ಎಣಿಸಿದರೆ 47,000ದಷ್ಟು ಕಾಂಡಗಳು, ಆದರೆ ವಂಶಗುಣದಲ್ಲಿ ಒಂದೇ ಗಂಡುಮರ. ಆ ಕಾಂಡಗಳು ಒಂದೊಂದೂ ನೂರು ನೂರಮೂವತ್ತು ವರ್ಷ ಬಾಳಿ ಸಾಯುತ್ತವೆ, ಬೇರು ಹೊಸತನ್ನು ಕಳಿಸುತ್ತದೆ. ಈಗ ಅಲ್ಲಿರುವ ಕಷ್ಟವೆಂದರೆ ಜಿಂಕೆಗಳು ಎಳೆಯ ಮರಿಗಳನ್ನು ಮೇಯ್ದುಬಿಡುತ್ತಿರುವುದು. ಹಾಗಾಗಿಯೇ ಕೆಲವು ಭಾಗಕ್ಕೆ ಬೇಲಿ ಹಾಕಿದ್ದಾರೆ.

ನೆಲಕ್ಕೆ ಬಾಗಿದ ಕೊಂಬೆ ಬೇರುಬಿಟ್ಟು ಹೊಸ ಕಾಂಡವಾಗುವುದೂ ಉಂಟು, ತೋಟಗಾರರು ಮಾಡುವ ನೆಲಗೂಟಿಯನ್ನು ಮರ ತಾನೇ ಮಾಡಿಕೊಂಡ ಹಾಗೆ. ಸ್ವೀಡನ್ನಿನ ಫುಲುಫ್ಯೆಲೆಟ್ ಬೆಟ್ಟದ ‘ಓಲ್ಡ್ ಶಿಕ್ಕೊ’ ಎಂಬ ಸ್ಪ್ರೂಸ್‌ನ ಅಡಿಯಲ್ಲಿ ಸಿಕ್ಕ ಮರದ ಅವಶೇಷಕ್ಕೆ ವಯಸ್ಸು ಅಳೆಯುವ ಇಂಗಾಲದ ಪರೀಕ್ಷೆಯಲ್ಲಿ 9,550 ವರ್ಷ ಸಿಕ್ಕಿತು. ಕಣ್ಣಿಗೆ ಕಾಣುವ ಕಾಂಡ ಮಾತ್ರ ಕೆಲವೇ ನೂರು ವರ್ಷದ್ದು. ಹಿಮದ ಭಾರಕ್ಕೆ ಬಗ್ಗಿದ ಕೊಂಬೆಗಳು ಬೇರುಬಿಡುತ್ತ ಮರ ತನ್ನನ್ನು ತಾನೇ ಮುಂದುವರಿಸಿಕೊಂಡು ಬಂದಿದೆ. ಗಾಳಿಗೆ ಉರುಳಿಯೂ ಒಂದು ಬದಿಯ ಬೇರು ಉಳಿಸಿಕೊಂಡ ಮರದಲ್ಲಿ ಮಲಗಿದ ಕಾಂಡದ ಮೇಲಿನ ಕೊಂಬೆಗಳೇ ನೆಟ್ಟಗೆ ಎದ್ದು ಕಾಂಡಗಳಾಗುತ್ತವೆ. ಕಾಂಡಗಳು ನೇರ ಸಾಲಿನಲ್ಲಿದ್ದು ನಡುವೆ ಉದ್ದನೆಯ ದಿಣ್ಣೆ ಇದ್ದರೆ ಇದನ್ನೇ ಊಹಿಸಿ. ಆದರೆ ಬಿದ್ದು ಕೊಳೆತ ದಿಮ್ಮಿಯ ಮೇಲೆ ಬಿದ್ದ ಬೀಜಗಳು ಮೊಳೆತರೂ ಇಂಥದೇ ಸಾಲು ಆಗುತ್ತದೆ, ಆಗ ಅವು ಬೇರೆ ಬೇರೆ ಮರಗಳು. ದಿಮ್ಮಿ ಕರಗಿಹೋದ ಮೇಲೆ ಅವುಗಳ ಬೇರುಗಳು ಮೊಣಕಾಲೂರಿದಂತೆ ನೆಲದ ಮೇಲೇ ಕಾಣಿಸುತ್ತವೆ.

ಆಲದ ಬಿಳಲಿನ ವಿಷಯ ಎಲ್ಲರಿಗೂ ಗೊತ್ತಿದ್ದದ್ದೇ. ಗಮನಿಸಬೇಕಾದದ್ದು ಅದರ ಎಂಜಿನಿಯರಿಂಗ್. ಗಾಳಿಯಲ್ಲಿ ತೂಗುವಾಗ ಬಿಳಲು ಹಗ್ಗದಷ್ಟು ದಪ್ಪ. ತುದಿ ಮಣ್ಣು ಹೊಕ್ಕು ಕವಲೊಡೆದ ಮೇಲೆ ಅದರಲ್ಲಿ ಒಂದು ವಿಶೇಷ ಬಗೆಯ ಮರ ಬೆಳೆದು ಬಿಳಲು ತುಸು ಮೊಟಕಾಗುತ್ತದೆ, ತಂತಿಯ ಹಾಗೆ ಬಿಗಿಯುತ್ತದೆ. ಆನಂತರ ದಪ್ಪವಾಗಿ ಕಂಬವಾಗುತ್ತದೆ. ಹೌರಾದ ಸಸ್ಯೋದ್ಯಾನದ ದೊಡ್ಡ ಆಲ 1864 ಮತ್ತು 1867ರ ಚಂಡಮಾರುತಗಳಲ್ಲಿ ಕೊಂಬೆ ಕಳೆದುಕೊಂಡಿತು. ಗಾಯಗಳ ಮೂಲಕ ಶಿಲೀಂಧ್ರ ಹೊಕ್ಕು ಮೂಲಕಾಂಡ ಕೊಳೆಯಿತು. 1925ರಲ್ಲಿ ಆ ಕಾಂಡವನ್ನೇ ತೆಗೆದುಹಾಕಿದರು. ಮರ ಇಂದಿಗೂ 3,000ಕ್ಕೂ ಹೆಚ್ಚು ಬಿಳಲುಗಳ ಮೇಲೆ ನಿಂತಿದೆ, ಹರಡುತ್ತಲೂ ಇದೆ. ಮೂಲಕಾಂಡ ಹೋಗುವ ಹೊತ್ತಿಗೆ ಬೇರೆ ಕಾಲುಗಳು ಸಿದ್ಧವಾಗಿದ್ದವು, ಅದಕ್ಕೇ ಮರ ಉಳಿಯಿತು.

ಇನ್ನು ‘ಐದು ಮರ ಅಂಟಿಕೊಂಡದ್ದು’ ಎನ್ನುವವರ ವಾದ. ಅದನ್ನೂ ತಳ್ಳಿಹಾಕುವಂತಿಲ್ಲ. ಉತ್ತರ ಅಮೆರಿಕದ ಎತ್ತರದ ಬೆಟ್ಟಗಳ ವೈಟ್‌ಬಾರ್ಕ್ ಪೈನ್ ಕಾಯಿಗಳು ತಾವಾಗಿ ಬಾಯಿಬಿಡುವುದಿಲ್ಲ. ಕ್ಲಾರ್ಕ್ಸ್ ನಟ್‌ಕ್ರ್ಯಾಕರ್ ಎಂಬ ಹಕ್ಕಿ ಅವನ್ನು ಒಡೆದು, ಬೀಜಗಳನ್ನು ಒಂದೊಂದು ಗುಳಿಯಲ್ಲಿ ಒಂದರಿಂದ ಹದಿನೈದರಷ್ಟು ಹೂತಿಡುತ್ತದೆ. ಹಕ್ಕಿ ಮರೆತ ಗುಳಿಗಳಲ್ಲಿ ಗೊಂಚಲು ಗೊಂಚಲಾಗಿ ಸಸಿ ಏಳುತ್ತವೆ. ನೋಡುವವರಿಗೆ ಅದು ಬಹುಕಾಂಡದ ಒಂದೇ ಮರ, ವಂಶಗುಣ ಪರೀಕ್ಷಿಸಿದರೆ ಹಲವು ಮರ. ಪನಾಮಾದಲ್ಲಿ ಬೇರೆ ಮರವನ್ನು ಬೇರುಗಳಿಂದ ಸುತ್ತಿ ಬೆಳೆಯುವ ‘ಕತ್ತುಹಿಸುಕ’ ಅತ್ತಿಜಾತಿಯ ಮರಗಳನ್ನು ಪರೀಕ್ಷಿಸಿದವರು 1991ರಲ್ಲಿ ಹೇಳಿದ್ದೂ ಇದನ್ನೇ: ಒಂದೇ ಮರವೆಂದು ಎಣಿಸಿದ್ದರಲ್ಲಿ ಹಲವು ಗಿಡಗಳು ಬೆಸೆದುಕೊಂಡಿದ್ದವು. ಮೆಕ್ಸಿಕೋದ ಸಾಂತಾ ಮರಿಯಾ ದೆಲ್ ತೂಲೆಯಲ್ಲಿರುವ ಮಾಂಟೆಜುಮಾ ಸೈಪ್ರೆಸ್‌ನ ಕಥೆ ಇದಕ್ಕೆ ತಿರುಗುಮುರುಗು. ಹನ್ನೊಂದು ಮೀಟರ್ ಮೀರಿದ ಅಡ್ಡಳತೆಯ ಆ ಏಣೇಣಾದ ಕಾಂಡವನ್ನು ನೋಡಿ ಮೂರು ಮರ ಕೂಡಿದ್ದೆಂದು ಬಹಳ ಕಾಲ ಶಂಕಿಸಿದ್ದರು; ಡಿಎನ್‌ಎ ಪರೀಕ್ಷೆ ಅದು ಒಂದೇ ಮರ ಎಂದಿತು. ಕಣ್ಣಂದಾಜು ಎರಡೂ ಕಡೆ ತಪ್ಪಬಹುದು.

ಎರಡು ಕಾಂಡ ಬೆಸೆದುಕೊಳ್ಳುವುದು ಹೇಗೆಂದರೆ, ತಾಗಿಕೊಂಡು ಬೆಳೆದ ಕಾಂಡಗಳು ಗಾಳಿಗೆ ಉಜ್ಜಿ ತೊಗಟೆ ಸವೆಯುತ್ತದೆ. ದಪ್ಪವಾಗುತ್ತ ಒಂದನ್ನೊಂದು ಒತ್ತಿ ಅಲುಗಾಟ ನಿಂತ ಮೇಲೆ, ತೊಗಟೆಯ ಕೆಳಗಿನ ಜೀವಪದರಗಳು ಸಂಧಿಸುತ್ತವೆ. ಅಲ್ಲಿಂದ ಮುಂದೆ ಹುಟ್ಟುವ ಬೆಳವಣಿಗೆಯ ಉಂಗುರ ಎರಡನ್ನೂ ಒಟ್ಟಿಗೆ ಸುತ್ತುತ್ತದೆ. ಇದು ಕಸಿಯೇ, ಕತ್ತಿ ಹಿಡಿದವರು ಇಲ್ಲ ಅಷ್ಟೆ. ತೆಳು ತೊಗಟೆಯ ಮರಗಳಲ್ಲಿ, ಅದರಲ್ಲೂ ಆಲ ಅರಳಿಯ ಬಳಗದಲ್ಲಿ, ಇದು ಸಲೀಸು. ಹತ್ತಿರದ ಸಂಬಂಧವಿಲ್ಲದ ಜಾತಿಯ ಮರಗಳು ತಬ್ಬಿಕೊಂಡು ನಿಲ್ಲಬಹುದು, ಒಳಗೆ ಮಾತ್ರ ಸಾಮಾನ್ಯವಾಗಿ ಬೆಸೆಯುವುದಿಲ್ಲ. ಆಕ್ಸೆಲ್ ಅರ್ಲಂಡ್‌ಸನ್ ಎಂಬವರು ಇದೇ ಗುಣವನ್ನು ಬಳಸಿ ಆರು ಸಿಕಮೋರ್ ಸಸಿಗಳನ್ನು ವೃತ್ತದಲ್ಲಿ ನೆಟ್ಟು, ಹೆಣೆದು, ಬುಟ್ಟಿಯ ಆಕಾರದ ಒಂದು ಮರ ಮಾಡಿದರು. ಅಂಥ ಮರಗಳ ಅವರ ಪ್ರದರ್ಶನ ಕ್ಯಾಲಿಫೋರ್ನಿಯಾದಲ್ಲಿ 1947ರಲ್ಲಿ ತೆರೆಯಿತು.

ಆಫ್ರಿಕಾದ ದಪ್ಪ ಕಾಂಡದ ಬಾವೊಬಾಬ್ ಮರದ ಪೊಟರೆಗಳ ಬಗ್ಗೆ ಒಂದು ಮಾತು ಸೇರಿಸಲೇಬೇಕು. ರುಮೇನಿಯಾದ ಆಡ್ರಿಯನ್ ಪಾಟ್ರುಟ್ ಮತ್ತು ಜೊತೆಗಾರರು ಇಂಗಾಲದ ಪರೀಕ್ಷೆಯಿಂದ ತೋರಿಸಿದಂತೆ, ದೊಡ್ಡ ಬಾವೊಬಾಬ್‌ಗಳಲ್ಲಿ ಹಲವು ಕಾಂಡಗಳು ಉಂಗುರಾಕಾರವಾಗಿ ಎದ್ದು, ಬೆಸೆದು, ನಡುವೆ ಖಾಲಿ ಜಾಗ ಬಿಟ್ಟಿರುತ್ತವೆ. ಅದು ಕೊಳೆತು ಆದ ಪೊಟರೆಯಲ್ಲ, ಅಲ್ಲಿ ಮರವೇ ಇರಲಿಲ್ಲ. ಗುರುತು ಸುಲಭ: ಪೊಟರೆಯ ಒಳಗೋಡೆಗೂ ತೊಗಟೆ ಇರುತ್ತದೆ. ಕೊಳೆತ ಪೊಟರೆಯ ಒಳಗೆ ತೊಗಟೆ ಇರುವುದಿಲ್ಲ. ನಿಮ್ಮ ಮರದ ನಡುವಿನ ತಗ್ಗನ್ನೂ ಹೀಗೆ ನೋಡಿ.

ಈಗ ನಿಮ್ಮ ಮೊದಲ ಪ್ರಶ್ನೆಗೆ. ಬುಡದ ಸುತ್ತಲಿನ ಮಣ್ಣನ್ನು ಕೈಯಿಂದ ಅಥವಾ ಮರದ ಕಡ್ಡಿಯಿಂದ 10–15 ಸೆಂ.ಮೀ. ಆಳದವರೆಗೆ ಬಿಡಿಸಿ. ಗುದ್ದಲಿ ಬೇಡ, ಬೇರಿನ ತೊಗಟೆ ಸುಲಿದರೆ ಕೊಳೆ ಅಲ್ಲಿಂದಲೇ ಶುರು. ಕಾಂಡ ಬೇರುಗಳಾಗಿ ಅಗಲಗೊಳ್ಳುವ ಜಾಗ ಐದೂ ಕಾಂಡಗಳನ್ನು ಸುತ್ತಿ ಒಂದೇ ಆಗಿದ್ದರೆ ಒಂದೇ ಮರ. ಒಂದೊಂದಕ್ಕೂ ಅಂಥ ಜಾಗ ಬೇರೆಯದೇ ಇದ್ದು, ಎರಡರ ನಡುವಿನ ತೊಗಟೆಯ ಗೆರೆ ಮಣ್ಣಿನೊಳಗೂ ಇಳಿದು ಹೋಗಿದ್ದರೆ ಬೇರೆ ಬೇರೆ ಗಿಡಗಳಿರುವ ಸಂಭವ ಹೆಚ್ಚು. ನೆಲಕ್ಕಿಂತ ಮೇಲೆಯೇ ಆ ಗೆರೆ ಮುಗಿದರೆ ಅದು ಬರಿಯ ಕವೆ.

ಇದರ ಜೊತೆಗೆ ಒಂದು ವರ್ಷ ಪೂರ್ತಿ ಮರವನ್ನು ಗಮನಿಸಿ. ಪ್ರತಿ ಕಾಂಡಕ್ಕೂ ಒಂದು ಅಂಕಿ ಕೊಟ್ಟು, ಎಲೆ ಉದುರಿದ್ದು, ಚಿಗುರಿದ್ದು, ಹೂಬಿಟ್ಟದ್ದು ಯಾವ ದಿನ ಎಂದು ಬರೆದಿಡಿ. ಒಂದು ಕಾಂಡ ಪ್ರತಿಸಲವೂ ವಾರ ಹತ್ತು ದಿನ ಹಿಂದುಮುಂದಾದರೆ ಅದು ಬೇರೆ ಮರ ಇರಬಹುದು. ಗಂಡುಹೆಣ್ಣು ಬೇರೆ ಇರುವ ಜಾತಿಯಾಗಿ, ಒಂದರಲ್ಲಿ ಕಾಯಿ ಇದ್ದು ಇನ್ನೊಂದರಲ್ಲಿ ಎಂದೂ ಇಲ್ಲದಿದ್ದರೆ ಅನುಮಾನ ಇನ್ನೂ ಗಟ್ಟಿಯಾಗುತ್ತದೆ. ಎಲ್ಲವೂ ಒಂದೇ ದಿನ ಚಿಗುರಿದರೆ ಮಾತ್ರ ಏನೂ ಸಾಬೀತಾಗುವುದಿಲ್ಲ, ಒಡಹುಟ್ಟಿದ ಸಸಿಗಳೂ ಒಂದೇ ಹೊತ್ತಿಗೆ ಚಿಗುರಬಲ್ಲವು. ಕೊನೆಯ ಮಾತು ಡಿಎನ್‌ಎಯದು. ಐದೂ ಕಾಂಡಗಳ ಎಳೆಯ ಎಲೆ ಬೇರೆ ಬೇರೆ ಪೊಟ್ಟಣದಲ್ಲಿ ಕಳಿಸಬೇಕು. ಅದಕ್ಕೂ ಒಂದು ಮಿತಿಯಿದೆ: ಕೆಲವು ತಳಿಯ ಮಾವಿನ ಗೊರಟೆಯಲ್ಲಿ, ನಿಂಬೆ ಜಾತಿಯ ಬೀಜದಲ್ಲಿ ತಾಯಿಯ ತದ್ರೂಪಾದ ಹಲವು ಸಸಿಗಳು ಒಟ್ಟಿಗೆ ಮೊಳೆಯುತ್ತವೆ. ಗಿಡಗಳು ಬೇರೆಯಾದರೂ ಡಿಎನ್‌ಎ ಒಂದೇ ಎಂದು ಬರುತ್ತದೆ. ಅಂಥ ಜಾತಿಯಲ್ಲಿ ಬುಡದ ಸಾಕ್ಷಿಯನ್ನೇ ನಂಬಿ.

ಎರಡನೆಯ ಪ್ರಶ್ನೆ ಹೆಚ್ಚು ತುರ್ತಿನದು. ಸಂದಿಯಲ್ಲಿ ನೀರು ನಿಲ್ಲುವುದು ಅಷ್ಟರಮಟ್ಟಿಗೆ ದೋಷವಲ್ಲ. ಅದರ ಕೆಳಗಿನ ಗೆರೆ ಎಂಥದು ಎಂಬುದನ್ನು ಹತ್ತಿರ ಹೋಗಿ ನೋಡಬೇಕು. ತೊಗಟೆ ಹೊರಕ್ಕೆ ಉಬ್ಬಿ ಒರಟಾದ ಏಣಿನಂತೆ ಎದ್ದಿದ್ದರೆ ಒಳ್ಳೆಯ ಕವೆ. ಅಂದರೆ ಒಳಗೆ ಎರಡು ಕಾಂಡಗಳ ನಾರು ಒಂದರೊಳಗೊಂದು ಹೆಣೆದುಕೊಂಡು, ನಡುವಿನ ತೊಗಟೆಯನ್ನು ಹೊರತಳ್ಳುತ್ತಿದೆ. ಎರಡೂ ಕಡೆಯ ತೊಗಟೆ ಒಳಕ್ಕೆ ಮಡಚಿ, ಮುಚ್ಚಿದ ಪುಸ್ತಕದ ಹಾಳೆಗಳ ಹಾಗೆ ಒಂದಕ್ಕೊಂದು ಒತ್ತಿ ನಿಂತಿದ್ದರೆ ಕವೆ ದುರ್ಬಲ. ಅಲ್ಲಿ ಮರಕ್ಕೆ ಮರ ಸೇರಿಲ್ಲ, ತೊಗಟೆಗೆ ತೊಗಟೆ ತಾಗಿದೆ. ಎರಡು ಕಾಂಡಗಳು ದಪ್ಪವಾಗುತ್ತ ಹೋದಂತೆ ತಮ್ಮನ್ನು ತಾವೇ ಬೆಣೆ ಹೊಡೆದ ಹಾಗೆ ಅಗಲಿಸುತ್ತವೆ. ಸಂದಿಯ ಎರಡೂ ಬದಿಗೆ ಕಿವಿಯ ಹಾಗೆ ಉಬ್ಬು ಕಂಡರೆ, ಆ ಕೊರತೆಯನ್ನು ತುಂಬಲು ಮರ ಅಂಚಿನಲ್ಲಿ ಹೆಚ್ಚು ಮರ ಕಟ್ಟುತ್ತಿದೆ ಎಂದರ್ಥ. ಗೆರೆಯೊಳಗೆ ಬಿಳಿಚಿದ ಹಸಿ ಮರ ಕಂಡರೆ ಅಥವಾ ರಸ ಒಸರುತ್ತಿದ್ದರೆ ಅದು ಸೀಳು. ತಡಮಾಡದೆ ಕೆಳಗೆ ಓಡಾಟ ನಿಲ್ಲಿಸಿ ಮರದ ಪರಿಣತರನ್ನು ಕರೆಸಿ.

ಗೆರೆ ಹಳೆಯದೋ ಚಲಿಸುತ್ತಿದೆಯೋ ತಿಳಿಯದಿದ್ದರೆ, ಅದರ ಎಡಬಲಕ್ಕೆ 10 ಸೆಂ.ಮೀ. ಅಂತರದಲ್ಲಿ ಎರಡು ಬಣ್ಣದ ಚುಕ್ಕೆ ಇಡಿ, ಇಂಥ ಮೂರು ಜೋಡಿ ಮೇಲಿಂದ ಕೆಳಕ್ಕೆ. ತಿಂಗಳಿಗೊಮ್ಮೆ ಅಳೆಯಿರಿ, ಗಾಳಿ ಬೀಸುವ ದಿನ ದೂರದಿಂದ ಗಮನಿಸಿ. ಬೆಳವಣಿಗೆಯಿಂದಲೂ ವರ್ಷಕ್ಕೆ ಒಂದೆರಡು ಮಿಲಿಮೀಟರ್ ಸರಿಯಬಹುದು. ತಿಂಗಳೊಳಗೆ ಸರಿದರೆ ಅಥವಾ ಗಾಳಿಗೆ ಬಾಯಿ ತೆರೆದು ಮುಚ್ಚಿದರೆ ಕವೆ ಬಿಡುತ್ತಿದೆ.

ನೀರಿಗೆ ದಾರಿ ಮಾಡಲೆಂದು ಸಂದಿಗೆ ತೂತು ಕೊರೆಯಬೇಡಿ. ಗಾಯವಾದಲ್ಲಿ ಮರ ಕೊಳೆಯ ಸುತ್ತ ಒಳಗೋಡೆ ಕಟ್ಟಿಕೊಳ್ಳುತ್ತದೆ ಎಂದು ಅಮೆರಿಕದ ಮರರೋಗ ತಜ್ಞ ಅಲೆಕ್ಸ್ ಶಿಗೊ ಸಾವಿರಾರು ಮರಗಳನ್ನು ಸೀಳಿ ನೋಡಿ ತೋರಿಸಿದ್ದಾರೆ. ತೂತು ಆ ಗೋಡೆಯನ್ನೇ ಒಡೆದು ಕೊಳೆಯನ್ನು ಒಳ್ಳೆಯ ಮರಕ್ಕೆ ದಾಟಿಸುತ್ತದೆ. ಸಿಮೆಂಟ್ ತುಂಬುವುದು ಅದಕ್ಕಿಂತ ಕೆಟ್ಟದ್ದು. ಮರ ಬಾಗುತ್ತದೆ, ಸಿಮೆಂಟ್ ಬಾಗುವುದಿಲ್ಲ. ಅಂಚಿನಲ್ಲಿ ಉಜ್ಜಿ ತೇವ ಹಿಡಿದಿಡುತ್ತದೆ. ತರಗೆಲೆಯನ್ನು ಕೈಯಿಂದ ತೆಗೆದರೆ ಸಾಕು.

ಕಡಿಯುವ ಮುನ್ನ ತಲೆಯೆತ್ತಿಯೂ ನೋಡಿ. ಆ ಎರಡು ಕಾಂಡಗಳ ಕೊಂಬೆಗಳು ಮೇಲೆಲ್ಲೋ ಹೆಣೆದುಕೊಂಡೋ ಬೆಸೆದುಕೊಂಡೋ ಇದ್ದರೆ ಅದನ್ನು ಮುಟ್ಟಬೇಡಿ. ಇಂಗ್ಲೆಂಡಿನ ಮರ ಸಂಶೋಧಕ ಡಂಕನ್ ಸ್ಲೇಟರ್ ಅವರ ಅಧ್ಯಯನಗಳ ತಿರುಳು ಇದು: ಮೇಲೆ ಇಂಥ ಸಹಜ ಕಟ್ಟು ಇರುವಲ್ಲಿ ಕೆಳಗಿನ ಕವೆ ಅಲುಗುವುದೇ ಇಲ್ಲ, ಅಲುಗದ ಕವೆ ಗಟ್ಟಿಯಾಗುವುದೂ ಇಲ್ಲ, ತೊಗಟೆ ಒಳಗೆ ಸಿಕ್ಕಿಕೊಳ್ಳುತ್ತದೆ. ಅಂದವಾಗಿ ಕಾಣಲಿ ಎಂದು ಆ ಅಡ್ಡಗೊಂಬೆಯನ್ನು ತೆಗೆದರೆ ಎಂದೂ ಭಾರ ಹೊರದ ಕವೆಯ ಮೇಲೆ ಗಾಳಿಯ ಪೂರ್ತಿ ಹೊರೆ ಬಿದ್ದು ಮುಂದಿನ ಬಿರುಗಾಳಿಗೇ ಸೀಳುತ್ತದೆ. ಒಳ್ಳೆಯ ಮನಸ್ಸಿನಿಂದಲೇ ನಡೆಯುವ ತಪ್ಪು ಇದು, ಆದರೆ ಮರಕ್ಕೆ ಆಗುವ ನಷ್ಟ ದೊಡ್ಡದು.

ಹಳೆಯ ಮರದಲ್ಲಿ ಐದರಲ್ಲೊಂದನ್ನು ಬುಡದಲ್ಲಿ ಕಡಿದರೆ ಎರಡು ತೊಂದರೆ. ಕೊಂಬೆಯ ಬುಡದಲ್ಲಿರುವಂತೆ ಕಾಂಡದ ಬುಡದಲ್ಲಿ ಗಾಯ ಮುಚ್ಚುವ ಉಬ್ಬುಪಟ್ಟಿ ಇರುವುದಿಲ್ಲ, ಆದ್ದರಿಂದ ಕೊಳೆ ನೇರವಾಗಿ ಐದಕ್ಕೂ ಸೇರಿದ ಬೊಡ್ಡೆಗೆ ಇಳಿಯುತ್ತದೆ. ಜೊತೆಗೆ, ಅದರ ಮರೆಯಲ್ಲಿ ಬೆಳೆದ ಪಕ್ಕದ ಕಾಂಡಗಳಿಗೆ ಹೊಸ ದಿಕ್ಕಿನ ಗಾಳಿ ಬಡಿಯುತ್ತದೆ. ಹಾಗಾಗಿ ಕಡಿಯುವುದಕ್ಕಿಂತ ಮೊಟಕು ಮಾಡುವುದು ಮೇಲು. ಹೆಚ್ಚು ಹೊರವಾಲಿದ ಕಾಂಡದ ಎತ್ತರವನ್ನು 15–20 ಶೇಕಡಾ ಇಳಿಸಿ. ಪ್ರತಿ ಕೊಯ್ತವೂ ಒಂದು ಪಕ್ಕಗೊಂಬೆಯ ಹತ್ತಿರ ನಿಲ್ಲಲಿ, ಆ ಪಕ್ಕಗೊಂಬೆ ಕೊಯ್ದ ಕಾಂಡದ ಮೂರನೇ ಒಂದರಷ್ಟಾದರೂ ದಪ್ಪ ಇರಲಿ. ಇಲ್ಲದಿದ್ದರೆ ತುದಿ ಒಣಗುತ್ತದೆ. ಒಂದು ವರ್ಷದಲ್ಲಿ ಒಟ್ಟು ಎಲೆಯ ಕಾಲುಭಾಗಕ್ಕಿಂತ ಹೆಚ್ಚು ತೆಗೆಯಬಾರದು.

ಕವೆ ದುರ್ಬಲವಾಗಿದ್ದು ಮರ ಉಳಿಸಲೇಬೇಕಾದರೆ ಕೇಬಲ್ ಕಟ್ಟಿಸಬಹುದು. ಕವೆಯಿಂದ ತುದಿಯವರೆಗಿನ ಎತ್ತರದ ಮೂರರಲ್ಲಿ ಎರಡು ಭಾಗದ ಮಟ್ಟದಲ್ಲಿ ಅದು ಬರಬೇಕು, ಕೆಳಗೆ ಕಟ್ಟಿದರೆ ಹಿಡಿತ ಸಾಲದು. ಕಾಂಡದ ಸುತ್ತ ತಂತಿ ಬಿಗಿಯುವುದು ಮಾತ್ರ ಎಂದಿಗೂ ಬೇಡ. ದಪ್ಪವಾಗುತ್ತ ಮರ ಅದನ್ನು ನುಂಗುತ್ತದೆ, ತೊಗಟೆಯಲ್ಲಿ ಇಳಿಯುವ ಆಹಾರ ಅಲ್ಲೇ ನಿಲ್ಲುತ್ತದೆ. ಒಮ್ಮೆ ಕಟ್ಟಿದ ಕೇಬಲ್ಲನ್ನು ವರ್ಷಕ್ಕೊಮ್ಮೆ ನೋಡಿಸಲೇಬೇಕು.

ಪೂರ್ತಿ ತೆಗೆಯುವ ನಿರ್ಧಾರಕ್ಕೆ ಬೇರೆ ಗುರುತುಗಳು ಬೇಕು: ಬುಡದಲ್ಲಿ ಗಟ್ಟಿ ಅಣಬೆ, ವಾಲಿದ ಕಡೆಗೆ ಎದುರು ಬದಿಯಲ್ಲಿ ನೆಲ ಬಿರಿದಿರುವುದು, ಇತ್ತೀಚೆಗೆ ಹೆಚ್ಚಿದ ವಾಲಿಕೆ. ಮರದ ಸುತ್ತಿಗೆಯಿಂದ ತಟ್ಟಿದಾಗ ಡೊಳ್ಳಿನ ಸದ್ದು ಬಂದರೆ ಒಳಗೆ ಟೊಳ್ಳು. ಉಳಿದ ಗಟ್ಟಿ ಹೊರಗೋಡೆ ಕಾಂಡದ ತ್ರಿಜ್ಯದ ಮೂರನೇ ಒಂದಕ್ಕಿಂತ ಕಡಿಮೆಯಾಗಿದ್ದರೆ ಚಿಂತಿಸಬೇಕಾದ ಹಂತ. ಅದನ್ನು ಉಪಕರಣವಿದ್ದವರಿಂದಲೇ ಅಳೆಸಿ.

ಹೊಸ ಸಸಿಯನ್ನು ಬಹುಕಾಂಡದ್ದಾಗಿ ಬೆಳೆಸುವುದು ಖಂಡಿತ ಸಾಧ್ಯ, ಮೋಟಿನಿಂದ ಚಿಗುರುವ ಜಾತಿಯಾಗಿದ್ದರೆ. ಹೆಚ್ಚಿನ ಪೈನ್‌ಗಳು ಚಿಗುರುವುದಿಲ್ಲ. ಒಂದೇ ಕುಡಿಯ ತೆಂಗು, ಅಡಿಕೆಯಂಥವು ತಲೆ ಹೋದರೆ ಸತ್ತೇಹೋಗುತ್ತವೆ. ಸಸಿ ನೆಟ್ಟು ಒಂದೆರಡು ವರ್ಷ ಬೇರು ಹಿಡಿಯಲು ಬಿಡಿ. ಎಲೆಯುದುರಿ ಮರ ವಿಶ್ರಾಂತಿಯಲ್ಲಿರುವಾಗ, ಹೊಸ ಚಿಗುರಿಗೆ ಸ್ವಲ್ಪ ಮೊದಲು, ನೆಲದಿಂದ 5–10 ಸೆಂ.ಮೀ. ಬಿಟ್ಟು ಹರಿತವಾದ ಗರಗಸದಿಂದ ಓರೆಯಾಗಿ ಕೊಯ್ಯಿರಿ, ನೀರು ಜಾರಿಹೋಗಲಿ. ಆಗ ಬೇರಿನಲ್ಲಿ ಪಿಷ್ಟ ತುಂಬಿರುತ್ತದೆ. ಎಲೆ ಆಗತಾನೇ ಬಿಚ್ಚಿದಾಗ ಕೊಯ್ದರೆ ಕೂಡಿಟ್ಟದ್ದೆಲ್ಲ ಖರ್ಚಾಗಿ ಚಿಗುರು ಬಡಕಲಾಗುತ್ತದೆ.

ಎದ್ದ ಎಂಟು ಹತ್ತು ಚಿಗುರುಗಳನ್ನು ಮೊದಲ ವರ್ಷ ಹಾಗೇ ಬಿಡಿ, ಗಾಳಿ ಬಡಕಲನ್ನು ತಾನೇ ತೋರಿಸಿಕೊಡುತ್ತದೆ. ವರ್ಷದ ಕೊನೆಗೆ ಮೂರರಿಂದ ಐದು ಉಳಿಸಿಕೊಳ್ಳಿ. ಮೋಟಿನ ಆದಷ್ಟು ಕೆಳಗೆ ಹುಟ್ಟಿದವು, ಸುತ್ತಲೂ ಬೇರೆ ಬೇರೆ ದಿಕ್ಕಿಗೆ ಇರುವವು, ಬುಡದಲ್ಲಿ ಒಂದಕ್ಕೊಂದು ತಾಗದವು ಯೋಗ್ಯ. ಒಂದರ ಪಕ್ಕ ಒಂದು ಒತ್ತಿಕೊಂಡು ನೆಟ್ಟಗೆ ಎದ್ದ ಜೋಡಿ ಎಷ್ಟೇ ಚೆಲುವಾಗಿದ್ದರೂ ಒಂದನ್ನು ತೆಗೆಯಿರಿ. ನೀವು ಕೇಳಿದ ಆ ಗೆರೆ ಮುಂದೆ ಹುಟ್ಟುವುದು ಅಲ್ಲೇ. ಮೋಟಿನ ಮೇಲೆ ತೆಳುವಾಗಿ ಮಣ್ಣೇರಿಸಿದರೆ ಚಿಗುರುಗಳು ಸ್ವಂತ ಬೇರು ಬಿಡಲು ಅನುಕೂಲ.

ಒಂದೇ ಗುಳಿಯಲ್ಲಿ ಮೂರು ಸಸಿ ನೆಡುವುದು ಎರಡನೆಯ ದಾರಿ. ಒಂದೇ ವಯಸ್ಸು, ಒಂದೇ ಎತ್ತರದ ಸಸಿಗಳನ್ನು 30–45 ಸೆಂ.ಮೀ. ಅಂತರದಲ್ಲಿ, ತಲೆ ಹೊರಕ್ಕೆ ತುಸು ಓರೆಯಾಗಿ ನೆಡಿ. ಒಂದು ಸಣ್ಣದಿದ್ದರೆ ಎರಡು ಮೂರು ವರ್ಷದಲ್ಲಿ ಅದು ನೆರಳಿಗೆ ಸಿಕ್ಕಿ ಸೊರಗುತ್ತದೆ. ಬೇರು ಬೇರೆಯಾದ್ದರಿಂದ ಒಂದು ಸತ್ತರೂ ಉಳಿದವು ಬದುಕುತ್ತವೆ, ಕೂಳೆ ಮರದಲ್ಲಿ ಆ ಖಾತರಿ ಇಲ್ಲ.

ಆಲಕ್ಕಾದರೆ ಬಿಳಲನ್ನು ನೆಲಕ್ಕಿಳಿಸುವುದೇ ಕೆಲಸ. ಉದ್ದಕ್ಕೆ ಸೀಳಿದ ಬಿದಿರನ್ನು ಮತ್ತೆ ಜೋಡಿಸಿ ಕೊಳವೆ ಮಾಡಿ, ಗೊಬ್ಬರ ಬೆರೆಸಿದ ಸಡಿಲ ಮಣ್ಣು ತುಂಬಿ, ತೂಗುವ ಬಿಳಲಿನ ಎಳೆಯ ತುದಿಯನ್ನು ಅದರೊಳಗಿಟ್ಟು ಕಟ್ಟಿ. ಕೊಳವೆಯ ಬುಡ ನೆಲದೊಳಗೆ ಒಂದಡಿ ಇಳಿದಿರಲಿ. ಮಣ್ಣು ಒಣಗಿದರೆ ತುದಿ ಕರಟಿ ಕೆಲಸ ಕೆಡುತ್ತದೆ, ಬೇಸಗೆಯಲ್ಲಿ ಮೇಲಿನಿಂದ ನೀರು ಹನಿಸುತ್ತಿರಬೇಕು. ಬಿಳಲು ನೆಲ ಹಿಡಿದು ಬೆರಳಿಂದ ಮೀಟಿದಾಗ ಬಿಗಿಯಾಗಿ ಕಂಡ ಮೇಲೆ ಬಿದಿರನ್ನು ಬಿಚ್ಚಿ. ಬಿಚ್ಚದೆ ಬಿಟ್ಟರೆ ಕಟ್ಟಿದ ದಾರ ಬಿಳಲಿನ ಕತ್ತಿಗೆ ಕೂರುತ್ತದೆ.